ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕಿಸಬಹುದೇ?

ಪ್ರಶ್ನೆ: ನಮಸ್ಕಾರ. ನಾವು ಬೆಳಗಾವಿಯ ಟಿಳಕವಾಡಿಯವರು. ಮನೆಯಲ್ಲಿ 2006ರ ಪೆಟ್ರೋಲ್ ಕಾರಿದೆ. ಮಾವನವರು ಕೊಂಡದ್ದು, ಮಾರಲು ಮನಸ್ಸಿಲ್ಲ. ಈ ಮಳೆಗಾಲದಿಂದ ಹಿಂದಿನ ಸೀಟಿನವರಿಗೆ ಪೆಟ್ರೋಲ್ ವಾಸನೆ ಬಡಿಯುತ್ತಿದೆ. ಬೆಳಿಗ್ಗೆ ನೆಲದ ಮೇಲೆ ರೊಟ್ಟಿಯಗಲದ ಕಲೆ ಇರುತ್ತದೆ. ವೆಲ್ಡಿಂಗ್ ಅಂಗಡಿಯವರೊಬ್ಬರು, "ಟ್ಯಾಂಕ್ ಖಾಲಿ ಮಾಡಿ ತನ್ನಿ, ಅರ್ಧ ಗಂಟೆಯ ಕೆಲಸ" ಎಂದರು. ಹಾಕಿಸಲೇ?

ಉತ್ತರ: ಬೇಡ ಅಕ್ಕನವರೇ. ನಾನು ಉದ್ಯಮಬಾಗದಲ್ಲಿ ಗ್ಯಾರೇಜು ನಡೆಸುತ್ತೇನೆ, ಇಷ್ಟು ವರ್ಷಗಳಲ್ಲಿ ಒಂದು ಪೆಟ್ರೋಲ್ ಟ್ಯಾಂಕಿಗೂ ಬೆಸುಗೆ ಹಾಕಿಸಿಲ್ಲ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೇ ನಾನು ಹೆಚ್ಚು ಹೆದರುತ್ತೇನೆ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಬಗ್ಗಿಸಿ ಬರಿದು ಮಾಡಿದರೂ ತುಕ್ಕಿನ ಪದರಿನಲ್ಲಿ ಒಂದೆರಡು ಚಮಚ ಉಳಿದಿರುತ್ತದೆ, ಅದು ಆವಿಯಾಗಿ ಗಾಳಿಯೊಂದಿಗೆ ಬೆರೆತರೆ ಒಂದು ಕಿಡಿ ಸಾಕು.

ಮೊದಲು ಒಂದು ಪರೀಕ್ಷೆ ಮಾಡಿ. ಟ್ಯಾಂಕ್ ಭರ್ತಿ ಮಾಡಿಸಿದ ದಿನ ಮಾತ್ರ ವಾಸನೆಯೇ, ಯಾವಾಗಲೂ ಇರುತ್ತದೆಯೇ? ಭರ್ತಿ ಇದ್ದಾಗ ಮಾತ್ರವಾದರೆ ತೊಂದರೆ ಮೇಲ್ಭಾಗದಲ್ಲಿರುತ್ತದೆ: ಪೆಟ್ರೋಲ್ ಹಾಕುವ ಬಾಯಿಯ ರಬ್ಬರ್ ಪೈಪು ಬಿರಿದಿರಬೇಕು, ಇಲ್ಲವೇ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನ ಮುಚ್ಚಳದ ರಬ್ಬರ್ ರಿಂಗ್ ಸತ್ತಿರಬೇಕು. ಅಷ್ಟಕ್ಕೆ ಹೊಸ ಟ್ಯಾಂಕ್ ಬೇಕಿಲ್ಲ.

ಪ್ರಶ್ನೆ: ಕಾಲು ಟ್ಯಾಂಕ್ ಇದ್ದಾಗಲೂ ತೊಟ್ಟಿಕ್ಕುತ್ತದೆ.

ಉತ್ತರ: ಹಾಗಾದರೆ ತಳವೇ ಹೋಗಿದೆ, ಬದಲಿಸಿ. ಅಲ್ಲಿಯತನಕ ಕಾರನ್ನು ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಯಾರು ಮಾಡಿದರೂ ನೀವು ಎದುರಿಗೆ ನಿಂತು ನೋಡಿ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಪೆಟ್ರೋಲನ್ನು ಕೈಪಂಪಿನಿಂದಲೇ ಹೊರಗೆಳೆಯಲಿ. ಬಾಯಿಂದ ಎಳೆಯುವ ಹುಡುಗರಿದ್ದಾರೆ, ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಗ್ಯಾರೇಜಿನ ಗುಂಡಿಯಲ್ಲಿ ಇಳಿದು ಮಾಡುವ ಕೆಲಸವೂ ಇದಲ್ಲ, ಆವಿ ಗಾಳಿಗಿಂತ ಭಾರ, ಅಲ್ಲೇ ತುಂಬಿಕೊಳ್ಳುತ್ತದೆ. ತಂತಿ ಹಾಕಿದ ಬಲ್ಬಿನ ಬದಲು ಬಯಲಲ್ಲಿ, ಹಗಲಲ್ಲಿ ಮಾಡಲಿ.

ಟ್ಯಾಂಕಿನ ಕೆಳಗೆ ಹಲಗೆ ಇಟ್ಟು ಜಾಕ್ ಕೊಟ್ಟ ಮೇಲೆಯೇ ಟ್ಯಾಂಕನ್ನು ಹಿಡಿದಿರುವ ಪಟ್ಟಿಯ ಬೋಲ್ಟು ಸಡಿಲಿಸಬೇಕು. ಹೊಸ ಟ್ಯಾಂಕಿಗೆ ಹಳೆಯ ರಬ್ಬರ್ ಪೈಪು, ಹಳೆಯ ಕ್ಲ್ಯಾಂಪು, ಹಳೆಯ ರಿಂಗ್ ಹಾಕಿಸಿಕೊಳ್ಳಬೇಡಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಮದ್ಯಸಾರ. ನಮ್ಮ ಕಬ್ಬಿನವರಿಗೆ ಒಳ್ಳೆಯದು, ಹಳೆಯ ರಬ್ಬರಿಗೆ ಅಲ್ಲ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ, ತಗಡಿನ ಟ್ಯಾಂಕಿನ ತಳಕ್ಕೆ ನೀರು ಇಳಿದರೆ ತುಕ್ಕಿಗೆ ದಾರಿ.

ಇನ್ನೊಬ್ಬರು: ಅಣ್ಣ, ಖಾನಾಪುರದ ದಾರಿಯಲ್ಲಿ ನಮ್ಮದು ಸೋರಿದಾಗ ಮೈಸೋಪು ತಿಕ್ಕಿದೆವು, ನಿಂತೇಹೋಯಿತು. ಹೀಗೂ ಮಾಡಬಹುದಲ್ಲವೇ?

ಉತ್ತರ: ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಅದಕ್ಕೇ ನಿಂತಿತು ತಮ್ಮಾ. ಆದರೆ ನೀರಿನಲ್ಲಿ ಕರಗುತ್ತದೆ, ಖಾನಾಪುರದ ಮಳೆಯೂ ನಿನಗೆ ಗೊತ್ತಿದೆ. ಗ್ಯಾರೇಜು ಮುಟ್ಟುವವರೆಗಿನ ಉಪಾಯ ಅದು.

ಪ್ರಶ್ನೆ: ಮನೆಯ ಹತ್ತಿರವೇ ಟ್ಯಾಂಕ್ ಬದಲಿ ಮಾಡಿಸಿದೆವು. ಹಳೆಯದರ ಪಟ್ಟಿ ಬಿಚ್ಚಿದಾಗ ಅದರಡಿ ಬೆರಳು ದಪ್ಪದ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಕೆರೆದರೆ ಸೂಜಿಮೊನೆಯಂಥ ಮೂರು ತೂತು. ಈಗ ವಾಸನೆ ಇಲ್ಲ. ಆದರೆ ಬಂಕಿನಲ್ಲಿ ಒಂದೆರಡು ಲೀಟರ್ ಹಾಕುವಷ್ಟರಲ್ಲಿ ಪಂಪು ಟಕ್ ಎಂದು ನಿಂತುಬಿಡುತ್ತದೆ.

ಉತ್ತರ: ಪಟ್ಟಿಯ ಸಂದಿನಲ್ಲಿ ಕೂತ ಒದ್ದೆ ಮಣ್ಣೇ ತಗಡನ್ನು ತಿಂದಿದೆ. ಬಂಕಿನ ತೊಂದರೆಗೆ ಕಾರಣ ಬೇರೆ. ಪೆಟ್ರೋಲ್ ಒಳಗೆ ಹೋಗುವಾಗ ಒಳಗಿನ ಗಾಳಿ ಒಂದು ಸಣ್ಣ ಪೈಪಿನಿಂದ ಹೊರಬರಬೇಕು. ಟ್ಯಾಂಕ್ ಏರಿಸುವಾಗ ಅದು ಕಾರಿನ ತಳಕ್ಕೂ ಟ್ಯಾಂಕಿಗೂ ನಡುವೆ ಸಿಕ್ಕಿ ಹಿಸುಕಿಕೊಂಡಿರುವಂತಿದೆ. ಮತ್ತೆ ಇಳಿಸಿ, ಪೈಪು ನೆಟ್ಟಗೆ ಮಾಡಿ ಕೂರಿಸಬೇಕು. ಕೂರಿಸಿದವರದೇ ತಪ್ಪು, ಎರಡನೆಯ ಸಲ ಕೂಲಿ ಕೊಡಬೇಡಿ.