ಸಾಗರದ ಹಳೇ ಮನೆ, ಕತ್ತಲೆ ಅಡುಗೆಮನೆ: ಒಡೆಯೋದಾ, ಇದ್ದಿದ್ದನ್ನೇ ಸರಿ ಮಾಡೋದಾ?

ಅಡಿಕೆತೋಟ:

ನಮ್ಮದು ಸಾಗರದ ಹತ್ತಿರ ಹಳ್ಳಿ. ಅಜ್ಜನ ಕಾಲದ ಹಂಚಿನ ಮನೆ, ಮಣ್ಣಿನ ಗೋಡೆ. ಅಡುಗೆಮನೆ ಒಳಗೆ ಸೇರಿಕೊಂಡಿದೆ, ಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ಕೆಲಸ. ಮೂಲೆಯಲ್ಲಿ ಕಟ್ಟಿಗೆ ಒಲೆ ಇದೆ, ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸುವಾಗ ಬಿಟ್ಟರೆ ಈಗ ಹಚ್ಚುವುದಿಲ್ಲ. ಗ್ಯಾಸ್ ಇರುವುದು ಕಡಪಾ ಕಲ್ಲಿನ ಕಟ್ಟೆ ಮೇಲೆ. ಅದನ್ನು ಯಾರ ಅಳತೆಗೆ ಕಟ್ಟಿದರೋ ಗೊತ್ತಿಲ್ಲ, ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುವಾಗ ಅಮ್ಮ ಮುಂಗಾಲಿನ ಮೇಲೆ ನಿಲ್ಲುತ್ತಾರೆ. ನೆಲ ರೆಡ್ ಆಕ್ಸೈಡ್, ಬಾಗಿಲ ಹತ್ತಿರ ಬಿರುಕು ಬಿಟ್ಟಿದೆ.

ಮಳೆಗಾಲ ಮುಗಿದ ಮೇಲೆ ಕೆಲಸ ಶುರು ಮಾಡಬೇಕು ಅಂತಿದೆ. ಬೆಂಗಳೂರಲ್ಲಿರುವ ತಮ್ಮನಿಗೆ ಮಾಡ್ಯುಲರ್ ಕಿಚನ್, ಅಂದರೆ ರೆಡಿಮೇಡ್ ಕಪಾಟು ಜೋಡಿಸುವ ಅಡುಗೆಮನೆ, ಆಗಲೇಬೇಕು. ಒಬ್ಬರು ಬಂದು ಅಳತೆ ತಗೊಂಡು ಹೋದರು, ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳ್ಳಗೆ ಹೊಳೆಯುವ ಚಿತ್ರ ಕಳಿಸಿ 4.5 ಲಕ್ಷ ಅಂದರು. ಆ ಚಿತ್ರದಲ್ಲಿ ಊಟದ ಮನೆ ಕಡೆಯ ಗೋಡೆಯೇ ಮಾಯ! ಅಮ್ಮನನ್ನು ಕೇಳಿದರೆ "ನಿಮಗೆ ಹೇಗೆ ಬೇಕೋ ಹಾಗೆ ಮಾಡಿ, ನಂಗೆ ಬೆಳಕು ಬಂದ್ರೆ ಸಾಕು" ಅಂತಾರೆ. ಮಂಡಿನೋವು ಬೇರೆ ಇದೆ.

ಗ್ರಾನೈಟಾ ಕ್ವಾರ್ಟ್ಸಾ? ಕಪಾಟಿಗೆ ಯಾವ ಪ್ಲೈವುಡ್? ನೆಲ ಕಿತ್ತು ಟೈಲ್ಸ್ ಹಾಕಿಸಬೇಕಾ? ಮಾಡಿಸಿದವರು ಹೇಳಿ.

ಕರಣೆ:

ಕಟ್ಟಡದ ಕೆಲಸದಲ್ಲೇ ಇರುವವನು, ಅದಕ್ಕೇ ಮೊದಲು ಗೋಡೆ ವಿಷಯ. ಹಂಚಿನ ಮನೆಯಲ್ಲಿ ಒಳಗೋಡೆ ಸುಮ್ನೆ ಅಡ್ಡಕ್ಕೆ ನಿಂತಿರುವುದು ಕಡಿಮೆ. ಏಣಿ ಹಾಕಿ ನೋಡಿ. ಮಾಡಿನ ತೊಲೆಯೋ ಪಕಾಸಿಯೋ (ಹಂಚು ಹೊರುವ ಇಳಿಜಾರಿನ ಮರ) ಅದರ ಮೇಲೆ ಕೂತಿದ್ದರೆ ಅದು ಭಾರ ಹೊತ್ತ ಗೋಡೆ. ತೆಗೆಯಲೇಬೇಕು ಅಂದರೆ ಮೊದಲು ಮಾಡಿಗೆ ಊರೆ (ಆಸರೆ ಕಂಬ) ಕೊಟ್ಟು, ಕಬ್ಬಿಣದ್ದೋ ಕಾಂಕ್ರೀಟಿನದ್ದೋ ತೊಲೆ ಕೂರಿಸಿ, ಆಮೇಲೆ ಗೋಡೆಗೆ ಕೈ ಹಾಕಬೇಕು. ಇದು ಇಂಜಿನಿಯರ್ ಬಂದು ನೋಡಿ ಹೇಳಬೇಕಾದ ಮಾತು, ಚಿತ್ರ ಬರೆದವರದ್ದಲ್ಲ.

ಬೆಳಕಿಗೆ ಅಷ್ಟೆಲ್ಲಾ ಯಾಕೆ? ಮಂಗಳೂರು ಹಂಚಿನ ಅಳತೆಯಲ್ಲೇ ಗಾಜಿನ ಹಂಚು ಸಿಗುತ್ತದೆ. ಮೇಲೆ ಅಟ್ಟ ಇಲ್ಲದಿದ್ದರೆ ಕಟ್ಟೆಯ ನೇರಕ್ಕೆ ನಾಲ್ಕಾರು ಹಂಚು ಬದಲಾಯಿಸಿ. ಉತ್ತರದ ಮಾಡು ಆದರೆ ಬಿಸಿಲ ಕಾಟವೂ ಕಡಿಮೆ.

ದುಡ್ಡು ಹಾಕುವುದಾದರೆ ವೈರಿಂಗ್‌ಗೆ ಹಾಕಿ. ಹಳೇ ಮನೆಗಳಲ್ಲಿ ಲೈಟು, ಮಿಕ್ಸಿ ಎಲ್ಲಾ ಒಂದೇ ತೆಳು ವೈರಿನಲ್ಲಿ ನಡೆಯುತ್ತಿರುತ್ತವೆ. 2000 ವ್ಯಾಟ್ ಇಂಡಕ್ಷನ್ ಒಲೆ ಒಂದೇ 9 ಆಂಪ್ ಹತ್ತಿರ ಎಳೆಯುತ್ತದೆ, ಅದರ ಜೊತೆಗೆ ಕೆಟಲ್ ಹಾಕಿದರೆ ಮುಗೀತು. ಅಡುಗೆಮನೆಗೆ ಬೇರೆಯದೇ ಲೈನ್ ಎಳೆಸಿ: 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್, ಎಂಸಿಬಿ (ಲೋಡ್ ಜಾಸ್ತಿಯಾದರೆ ಲೈನ್ ಕಡಿಯುವ ಸ್ವಿಚ್) ಜೊತೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಮಣ್ಣಿನ ಗೋಡೆ ಕೊರೆಯಬೇಡಿ, ಉದುರುತ್ತದೆ. ಮೇಲೇ ಪಿವಿಸಿ ಪಟ್ಟಿಯೊಳಗೆ ವೈರ್ ಓಡಿಸಲಿ, ನೋಡೋಕೆ ಅಷ್ಟೇನೂ ಚೆಂದ ಇರಲ್ಲ, ಆದರೆ ರಿಪೇರಿ ಸುಲಭ.

ಪ್ಲೈವುಡ್ ಐಎಸ್ 710 ಇರಲಿ, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್‌ನ ಸ್ಟ್ಯಾಂಡರ್ಡ್ ನಂಬರ್. ಸಿಂಕಿನ ಕೆಳಗಂತೂ ಅದೇ ಆಗಬೇಕು. ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ನಂಥ ಮರದ ಪುಡಿ ಒತ್ತಿ ಮಾಡಿದ ಹಲಗೆ ಮಲೆನಾಡಿನ ಥಂಡಿಗೆ ಊದಿಕೊಂಡು ಹಿಂಜ್ ಕಿತ್ತು ಬರುತ್ತದೆ. ಕೋಟೇಶನ್‌ನಲ್ಲಿ ಬರೀ "ವಾಟರ್‌ಪ್ರೂಫ್" ಅಂತ ಇದ್ದರೆ ಒಪ್ಪಬೇಡಿ, ಐಎಸ್ ನಂಬರ್ ಬರೆಸಿಕೊಳ್ಳಿ.

ಒಗ್ಗರಣೆ_ಚಟಪಟ:

ಎಲ್ಲಾ ಸರಿ ಮಾರಾಯ್ರೆ, ಗೋಡೆ ಅಳೆದರು, ನೆಲ ಅಳೆದರು, ಅಡುಗೆ ಮಾಡುವ ಅಮ್ಮನನ್ನು ಯಾರಾದರೂ ಅಳೆದರಾ?

ಅಮ್ಮನನ್ನು ಬರಿಗಾಲಲ್ಲಿ ನಿಲ್ಲಿಸಿ, ಮೊಣಕೈ ಮಡಚೋಕೆ ಹೇಳಿ. ನೆಲದಿಂದ ಮೊಣಕೈವರೆಗೆ ಎಷ್ಟಾಗುತ್ತದೋ ಅದಕ್ಕಿಂತ 4-5 ಇಂಚು ಕೆಳಗೆ ಕಟ್ಟೆ ಬರಬೇಕು. 5 ಅಡಿ ಎತ್ತರದವರಿಗೆ 32-33 ಇಂಚು ಆಗುತ್ತದೆ. ಕೆಲಸದವರು ಎಲ್ಲರಿಗೂ 34 ಅಂತ ಕಟ್ಟಿ ಹೋಗುತ್ತಾರೆ. ಅದರ ಮೇಲೆ ಗ್ಯಾಸ್ ಒಲೆ, ಒಲೆ ಮೇಲೆ ಪಾತ್ರೆ, ಪಾತ್ರೆಯೊಳಗೆ ಇಣುಕೋದು ಹೇಗೆ? ಒಲೆ ಇಡುವ ಭಾಗವನ್ನು ಇನ್ನೂ 3-4 ಇಂಚು ತಗ್ಗಿಸಿ.

ಆಮೇಲೆ ನೆಲ. ನಿಮ್ಮ ಕಡೆ ಈಳಿಗೆಮಣೆ, ಕಾಯಿ ತುರಿಯುವ ಮಣೆ ಎಲ್ಲಾ ನೆಲದ ಮೇಲೇ ಅಲ್ವಾ? ಹಲಸಿನಕಾಯಿ ಬಿಡಿಸುವ ದಿನ ಪೇಪರ್ ಹಾಸಿಕೊಂಡು, ಕೈಗೆ ಕತ್ತಿಗೆ ಎಣ್ಣೆ ಹಚ್ಚಿಕೊಂಡು ನಾಲ್ಕು ಜನ ಸುತ್ತ ಕೂರುವುದಕ್ಕೆ ಜಾಗ ಬೇಕು. ಮಾಡ್ಯುಲರ್‌ನವರ ಚಿತ್ರದಲ್ಲಿ ಯಾರೂ ಕೂತಿರಲ್ಲ, ಗಮನಿಸಿದ್ದೀರಾ? ನಡುವಿನ ಜಾಗ ಖಾಲಿ ಬಿಡಿ, ಅಲ್ಲಿ ಇನ್ನೊಂದು ಕಟ್ಟೆ ಕಟ್ಟಿಸಬೇಡಿ. ಅಮ್ಮನಿಗೆ ಮಂಡಿನೋವು ಅಂದಿರಿ, ಉಳಿದ ಗ್ರಾನೈಟ್ ತುಂಡಿನಲ್ಲೇ ಗೋಡೆ ಬದಿಗೆ ಮೊಣಕಾಲೆತ್ತರದ ಒಂದು ಚಿಕ್ಕ ಕಟ್ಟೆ ಮಾಡಿಸಿ, ಸ್ಟೂಲ್ ಹಾಕಿಕೊಂಡು ಅಲ್ಲೇ ತರಕಾರಿ ಹೆಚ್ಚಬಹುದು, ಕಾಯಿ ತುರಿಯಬಹುದು.

ರೆಡ್ ಆಕ್ಸೈಡ್ ಕೀಳಬೇಡಿ. ಬಿರುಕು ತುಂಬಿಸಿದ ಜಾಗದ ಬಣ್ಣ ಹಳೆಯದಕ್ಕೆ ಕೂಡಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಅಷ್ಟೇ. ನುಣುಪು ಟೈಲ್ಸ್ ಮೇಲೆ ಒಂದು ಹನಿ ಎಣ್ಣೆ ನೀರು ಬಿದ್ದರೆ ವಯಸ್ಸಾದವರ ಗತಿ ಏನು? ಹಾಕಲೇಬೇಕು ಅಂದರೆ ಒರಟಿರುವ ಮ್ಯಾಟ್ ಟೈಲ್ಸ್.

ಕಟ್ಟೆಗೆ ಗ್ರಾನೈಟೇ ಸರಿ. ಕ್ವಾರ್ಟ್ಸ್‌ನಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿರುವುದು ರೆಸಿನ್ ಅನ್ನೋ ಪ್ಲಾಸ್ಟಿಕ್‌ನಂಥ ಅಂಟು. ಒಲೆಯಿಂದ ಇಳಿಸಿದ ಕುಕ್ಕರ್ ಹಾಗೇ ಕುಕ್ಕಿದರೆ ಗುರುತು ಬೀಳುತ್ತದೆ, ಬಿಳಿ ಬಣ್ಣದ ಮೇಲೆ ಅರಿಶಿನ ಚೆಲ್ಲಿದರಂತೂ ಕೇಳಲೇಬೇಡಿ. ಆದರೆ ನಿಮ್ಮದು ಮೊದಲೇ ಕತ್ತಲೆ ಕೋಣೆ, ಎಲ್ಲರೂ ಹಾಕುತ್ತಾರೆ ಅಂತ ಕಪ್ಪು ಗ್ರಾನೈಟ್ ಬೇಡ. ತೆಳು ಬೂದು ನೋಡಿ.

ಪೀಣ್ಯ_ಸೆಕೆಂಡ್_ಸ್ಟೇಜ್:

ಎಲ್ಲರೂ ಸೇರಿ ಮಾಡ್ಯುಲರ್‌ಗೆ ಯಾಕೆ ಇಷ್ಟು ಬೈತಿದ್ದೀರಿ? ನಮ್ಮ ಅಮ್ಮನಿಗೂ ಮಂಡಿನೋವೇ. ಮೊದಲು ಕಟ್ಟೆ ಕೆಳಗೆ ಕಲ್ಲಿನ ಗೂಡು ಇತ್ತು, ಹಿಂದಿನ ಡಬ್ಬಿ ತೆಗೆಯಬೇಕು ಅಂದರೆ ನೆಲಕ್ಕೆ ಕೂತು, ಮುಂದಿನ ಡಬ್ಬಿಯೆಲ್ಲಾ ಹೊರಗಿಟ್ಟು, ಕೈ ಹಾಕಿ ತಡಕಬೇಕಿತ್ತು. ಈಗ ಡ್ರಾಯರ್ ಎಳೆದರೆ ಪೂರ್ತಿ ಹೊರಗೆ ಬರುತ್ತದೆ, ನಿಂತಲ್ಲೇ ಎಲ್ಲಾ ಕಾಣುತ್ತದೆ. ಇಡೀ ಸೆಟ್ ತಗೋಬೇಡಿ, ಒಪ್ಪುತ್ತೇನೆ. ಕಟ್ಟೆ ಕೆಳಗೆ ಇಟ್ಟಿಗೆಯದೋ ಕಲ್ಲಿನದೋ ಅಡ್ಡಗೋಡೆ ಕಟ್ಟಿಸಿ, ಅದರೊಳಗೆ ಸ್ಟೀಲ್ ಡ್ರಾಯರ್ ಕೂರಿಸಿ. ಗೆದ್ದಲಿನ ಭಯವೂ ಕಡಿಮೆ. ಬೇಡವಾದದ್ದು ಅಂದರೆ ಮೇಲಿನ ಗೋಡೆ ಕಪಾಟು, ಅದಕ್ಕೆ ಅಮ್ಮನ ಕೈ ಎಟುಕಲ್ಲ, ಮಣ್ಣಿನ ಗೋಡೆಯಲ್ಲಿ ಸ್ಕ್ರೂ ಕೂಡ ನಿಲ್ಲಲ್ಲ.

ಚಿಮಣಿ ಹಾಕಿಸಿದರೆ ಪೈಪು ಹೊರಗೆ ಹೋಗುವಂಥದ್ದೇ ಹಾಕಿಸಿ. ಪೈಪಿಲ್ಲದ್ದು ಜಿಡ್ಡು, ವಾಸನೆ ಸೋಸಿ ಗಾಳಿಯನ್ನು ಮತ್ತೆ ಒಳಗೇ ಬಿಡುತ್ತದೆ, ಇದ್ದಿಲ ಫಿಲ್ಟರ್ ಬದಲಾಯಿಸುತ್ತಾ ಇರಬೇಕು.

ಅಡಿಕೆತೋಟ:

ಎಲ್ಲರಿಗೂ ಥ್ಯಾಂಕ್ಸ್. ಏಣಿ ಹತ್ತಿ ನೋಡಿದೆ, ದೊಡ್ಡ ತೊಲೆಯೇ ಆ ಗೋಡೆ ಮೇಲೆ ಕೂತಿದೆ. ಫೋಟೋ ತೆಗೆದು ತಮ್ಮನಿಗೆ ಕಳಿಸಿದ ಮೇಲೆ ಗೋಡೆ ಸುದ್ದಿ ಬಿಟ್ಟ. ಅಮ್ಮನ ಮೊಣಕೈ ಲೆಕ್ಕದಲ್ಲಿ 32 ಬಂತು, ಈಗಿನ ಕಟ್ಟೆ 36 ಇದೆ. ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ ನೋಡಿ. ಡ್ರಾಯರ್ ಅಂದಾಗ ಮಾತ್ರ "ಹೌದಾ, ಪೂರ್ತಿ ಹೊರಗೆ ಬರ್ತದಾ" ಅಂತ ಎರಡು ಸಲ ಕೇಳಿದರು, ಹಾಗಾಗಿ ಅದು ಖಾಯಂ.

ಇನ್ನೊಂದೇ ಒಂದು. ತಮ್ಮನಿಗೆ ಸಿಲಿಂಡರ್ ಕಾಣಬಾರದಂತೆ, ಕಪಾಟಿನೊಳಗೆ ಇಟ್ಟು ಬಾಗಿಲು ಹಾಕೋಣ ಅಂತಾನೆ. ಇಡಬಹುದಾ? ಮತ್ತೆ ಗೋಡೆ ಪೂರ್ತಿ ಹೊಗೆ ಮಸಿ, ಪೇಂಟ್ ನಿಲ್ಲುತ್ತಾ?

ಕರಣೆ:

ಪೂರ್ತಿ ಮುಚ್ಚಿದ ಕಪಾಟಿನಲ್ಲಿ ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ, ಮೂಗಿಗೆ ತಡವಾಗಿ ಬರುತ್ತದೆ. ಬಾಗಿಲು ಬೇಕೇ ಬೇಕು ಅಂದರೆ ತಳದಲ್ಲಿ ದೊಡ್ಡ ಜಾಲರಿ ಇರಲಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಮೇಲಿರಬೇಕು, ರೆಗ್ಯುಲೇಟರ್‌ಗೆ ಅಮ್ಮನ ಕೈ ಬಗ್ಗದೇ ಸಿಗುವ ಹಾಗಿರಬೇಕು. ಈ ಕೊನೇದನ್ನು ಡ್ರಾಯರ್ ಜಾಗ ಗುರುತು ಮಾಡುವಾಗಲೇ ನೋಡಿಕೊಳ್ಳಿ.

ಮಸಿ ಗೋಡೆಯನ್ನು ಕೆರೆಸಿ, ಸೋಪಿನ ನೀರಲ್ಲಿ ತಿಕ್ಕಿಸಿ, ಚೆನ್ನಾಗಿ ಒಣಗಿದ ಮೇಲೆ ಕಲೆ ತಡೆಯುವ ಪ್ರೈಮರ್ ಹೊಡೆಸಿ. ನೇರವಾಗಿ ಪೇಂಟ್ ಹೊಡೆದರೆ ಹಳದಿ ಕಲೆ ಮತ್ತೆ ಎದ್ದು ಬರುತ್ತದೆ. ಮಳೆ ನಿಂತ ತಕ್ಷಣ ಶುರು ಮಾಡಬೇಡಿ, ಗೋಡೆ ಒಣಗಲಿ, ಜನವರಿ ಆದರೂ ಪರವಾಗಿಲ್ಲ. ಗ್ಯಾಸ್ ಟ್ಯೂಬ್‌ಗೆ 5 ವರ್ಷ ಆಗಿದ್ದರೆ ಅದನ್ನೂ ಈಗಲೇ ಬದಲಾಯಿಸಿ, ಟ್ಯೂಬ್ ಮೇಲೇ ವರ್ಷ ಅಚ್ಚಾಗಿರುತ್ತದೆ.