ಕಂಪನಿಯಿಂದಲೇ ಕೊಂಡ ರಿಫರ್ಬಿಶ್ಡ್ 70-300 ಲೆನ್ಸ್: ಫೋಕಸ್ ಹಿಂದಕ್ಕೆ ಬೀಳುತ್ತಿದೆ, ಎಡಭಾಗ ಮಸುಕು. ವಾಪಸ್ ಕೊಡಲೇ?

ಮಿಂಚುಳ್ಳಿ:
ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಎರಡು ವಾರದ ಹಿಂದೆ ನನ್ನ ಕ್ಯಾಮೆರಾ ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿಯಿಂದ ರಿಫರ್ಬಿಶ್ಡ್ (ಒಮ್ಮೆ ಹಿಂದಿರುಗಿ ಬಂದದ್ದನ್ನು ಪರೀಕ್ಷಿಸಿ ಮತ್ತೆ ಮಾರುವ) 70-300 ಎಂಎಂ ಜೂಮ್ ಲೆನ್ಸ್ ತರಿಸಿಕೊಂಡೆ. ಕಂಪನಿಯ ಹೆಸರು ಬೇಡ, ಯಾವ ಲೆನ್ಸಿಗೂ ಹೀಗಾಗಬಹುದು ಅನಿಸುತ್ತದೆ. ಬಂದಿದ್ದು ಸಾದಾ ಬಿಳಿ ರಟ್ಟಿನ ಪೆಟ್ಟಿಗೆ. ಒಳಗೆ ಲೆನ್ಸ್, ಹಿಂದೆ ಮುಂದಿನ ಎರಡು ಕ್ಯಾಪ್, ವಾರಂಟಿ ಕಾಗದ. ಹುಡ್ (ಲೆನ್ಸಿನ ಮುಂದೆ ಹಾಕುವ ಬಿಸಿಲು ಮರೆ) ಇರಲಿಲ್ಲ. ಲೆನ್ಸಿನ ಮೇಲೆ ಒಂದು ಗೀರು ಕೂಡ ಇಲ್ಲ, ನೋಡಿದರೆ ಹೊಸದೇ ಅನ್ನಬೇಕು.

ತೊಂದರೆ ಎರಡಿದೆ. ಹಿತ್ತಲಲ್ಲಿ ಕಾಳು ತಿನ್ನಲು ಬರುವ ಕೆಂಪು ಕಾರ್ಡಿನಲ್ ಹಕ್ಕಿಯನ್ನು 300ರಲ್ಲಿ ತೆಗೆದರೆ, ನಾನು ಫೋಕಸ್ ಇಟ್ಟ ಕಣ್ಣು ಮಸುಕು, ಹಿಂದಿರುವ ಬಾಲದ ಗರಿ ಶಾರ್ಪ್. ಇನ್ನೊಂದು, 70ರಲ್ಲಿ ಎದುರಿನ ಮರಗಳ ಸಾಲು ತೆಗೆದರೆ ಚಿತ್ರದ ಎಡಗಡೆ ಕಲಸಿದ ಹಾಗಿದೆ, ಬಲಗಡೆ ಚೆನ್ನಾಗಿದೆ. ಕ್ಯಾಮೆರಾ ಎಪಿಎಸ್‌-ಸಿ ಅನ್ನುವ ಚಿಕ್ಕ ಸೆನ್ಸರಿನ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್.

ವಾಪಸ್ ಕೊಡಲು ಇನ್ನು 16 ದಿನ ಇದೆ. ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ ಅಪ್ಪನನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋಗಬೇಕು ಅಂತ ಈ ಲೆನ್ಸ್ ಕೊಂಡಿದ್ದು. ಅವರ ಮಂಡಿ ನೋವು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ, ದೋಣಿ ಹತ್ತಿ ಇಳಿಯುವುದು ಇನ್ನೆಷ್ಟು ದಿನ ಆಗುತ್ತದೋ. ನಮ್ಮನೆಯವರು "ಯಾರೋ ಬಳಸಿ ಬಿಟ್ಟಿದ್ದನ್ನ ಯಾಕೆ ತಗೊಂಡೆ" ಅಂತ ಕೇಳುತ್ತಿದ್ದಾರೆ. ರಿಫರ್ಬಿಶ್ಡ್ ಕೊಂಡಿದ್ದೇ ತಪ್ಪಾಯಿತಾ?

ಕೆಂಬೂತ:
ತಪ್ಪೇನಿಲ್ಲಮ್ಮ. ರಿಫರ್ಬಿಶ್ಡ್ ಅಂದರೆ ಸವೆದು ಹೋದ ಮಾಲು ಅಂತಲ್ಲ. ಯಾರೋ ಪೆಟ್ಟಿಗೆ ಬಿಚ್ಚಿ ನೋಡಿ ಹಿಂದಿರುಗಿಸಿದ್ದು, ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದು, ವಾರಂಟಿಯಲ್ಲಿ ರಿಪೇರಿಗೆ ಬಂದಿದ್ದು, ಎಲ್ಲವೂ ಈ ಹೆಸರಿನಲ್ಲೇ ಬರುತ್ತವೆ. ಕಂಪನಿಯವರೇ ಪರೀಕ್ಷೆ ಮಾಡಿ, ಬೇಕಾದ್ದನ್ನು ಬದಲಿಸಿ ಮಾರುತ್ತಾರೆ. ನನ್ನ ಹತ್ತಿರ ಇರುವ ಎರಡು ಲೆನ್ಸೂ ಅಂಥವೇ, ಷಡ್ಡಕ ಅಮೆರಿಕದಿಂದ ತಂದುಕೊಟ್ಟಿದ್ದು. ಒಂದರಲ್ಲಿ ಒಂಬತ್ತು ವರ್ಷದಿಂದ ಹಕ್ಕಿ ತೆಗೆಯುತ್ತಿದ್ದೇನೆ.

ಎರಡನೆಯದು ಮಾತ್ರ ನನಗೆ ಪಾಠ ಕಲಿಸಿತು. ಇಲ್ಲಿಗೆ ಬಂದ ಮೇಲೆ ಜೂಮ್ ಬಿಗಿಯಾಯಿತು. ಬೆಂಗಳೂರಿಗೆ ತೆಗೆದುಕೊಂಡು ಹೋದರೆ, ಈ ವಾರಂಟಿ ಇಲ್ಲಿ ನಡೆಯುವುದಿಲ್ಲ ಅಂತ ಪೂರ್ತಿ ದುಡ್ಡು ತೆಗೆದುಕೊಂಡರು. ರಿಫರ್ಬಿಶ್ಡ್ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಮಾತ್ರ. ಆದ್ದರಿಂದ ಏನೇ ಸಂಶಯ ಇದ್ದರೂ ಅಲ್ಲೇ ಮುಗಿಸಿಕೊಂಡು ಬನ್ನಿ, ವಿಮಾನ ಹತ್ತಿಸಬೇಡಿ. ಪರೀಕ್ಷೆ ಹೇಗೆ ಅನ್ನುವುದನ್ನು ಲೆನ್ಸ್‌ಮೇಜು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಲೆನ್ಸ್‌ಮೇಜು:
ಮೇಡಂ, ಮೊದಲು ಎರಡೂ ತೊಂದರೆಯನ್ನು ಬೇರೆ ಬೇರೆ ಮಾಡಿಕೊಳ್ಳಿ. ಫೋಕಸ್ ಹಿಂದಕ್ಕೆ ಬೀಳುವುದಕ್ಕೂ ಒಂದು ಪಕ್ಕ ಮಸುಕಾಗುವುದಕ್ಕೂ ಸಂಬಂಧ ಇಲ್ಲದೇ ಇರಬಹುದು. ಮೊದಲನೆಯದು ಮನೆಯಲ್ಲೇ ಸರಿಹೋಗುವಂಥದ್ದು. ಎರಡನೆಯದು ನಿಜವಾಗಿದ್ದರೆ ನೀವಾಗಲಿ ನಾನಾಗಲಿ ಮನೆಯಲ್ಲಿ ಕೂತು ಸರಿಮಾಡಲು ಆಗುವುದಿಲ್ಲ.

ಫೋಕಸ್ ವಿಷಯ: ಡಿಎಸ್‌ಎಲ್‌ಆರ್‌ನ ಕಿಂಡಿಗೆ ಕಣ್ಣಿಟ್ಟು ತೆಗೆಯುವಾಗ ಫೋಕಸ್ ಅಳೆಯುವುದು ಚಿತ್ರ ಮೂಡುವ ಸೆನ್ಸರ್ ಅಲ್ಲ. ದೊಡ್ಡ ಕನ್ನಡಿಯ ಹಿಂದೆ ಒಂದು ಚಿಕ್ಕ ಕನ್ನಡಿ ಇದೆ. ಅದು ಸ್ವಲ್ಪ ಬೆಳಕನ್ನು ಕ್ಯಾಮೆರಾದ ತಳಕ್ಕೆ ಕಳಿಸುತ್ತದೆ, ಅಲ್ಲಿರುವ ಬೇರೊಂದು ಎಎಫ್ (ಆಟೊಫೋಕಸ್) ಸೆನ್ಸರ್ ಲೆಕ್ಕ ಹಾಕುತ್ತದೆ. ಈ ಎರಡು ದಾರಿಯ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಫೋಕಸ್ ಹಿಂದಕ್ಕೋ ಮುಂದಕ್ಕೋ ಬೀಳುತ್ತದೆ. ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆ ನೋಡಿ ತೆಗೆಯುವಾಗ) ಅಳತೆ ಆಗುವುದು ಚಿತ್ರದ ಸೆನ್ಸರ್ ಮೇಲೇ, ಆಗ ಈ ತಪ್ಪು ಬರುವುದಿಲ್ಲ. ನಿಮ್ಮ ಲೆನ್ಸೂ ಸರಿ ಇರಬಹುದು, ಬಾಡಿಯೂ ಸರಿ ಇರಬಹುದು, ಎರಡೂ ಸೇರಿದಾಗ ಮಾತ್ರ ಹೊಂದಾಣಿಕೆ ತಪ್ಪಿರಬಹುದು. ಹೊಸ ಲೆನ್ಸ್ ಕೊಂಡವರಿಗೂ ಇದು ಆಗುತ್ತದೆ.

300 ಎಂಎಂ, ಎಫ್/5.6 (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಸಂಖ್ಯೆ, ಕಡಿಮೆಯಾದಷ್ಟು ಹೆಚ್ಚು ತೆರೆದಿರುತ್ತದೆ), ಹಕ್ಕಿ 5 ಮೀಟರ್ ದೂರ ಅಂದುಕೊಳ್ಳಿ. ನಿಮ್ಮ ಎಪಿಎಸ್‌-ಸಿ ಕ್ಯಾಮೆರಾದಲ್ಲಿ ಶಾರ್ಪ್ ಆಗಿ ಕಾಣುವ ಆಳ ಹೆಚ್ಚುಕಡಿಮೆ 6 ಸೆಂಟಿಮೀಟರ್ ಅಷ್ಟೆ. ಹಕ್ಕಿಯ ಕಣ್ಣಿನಿಂದ ಬಾಲಕ್ಕೆ ಅದಕ್ಕಿಂತ ದೂರ ಇರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಲೆನ್ಸಿನ ಮುಂದೆ ಯುವಿ ಫಿಲ್ಟರ್ ಹಾಕಿದ್ದರೆ ಮೊದಲು ಬಿಚ್ಚಿ. ಟೆಲಿ ಲೆನ್ಸಿಗೆ ಅಗ್ಗದ ಫಿಲ್ಟರ್ ಹಾಕಿ ಲೆನ್ಸನ್ನು ಬೈದವರನ್ನು ಬಹಳ ನೋಡಿದ್ದೇನೆ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ಸೌಲಭ್ಯ) ಆಫ್, 2 ಸೆಕೆಂಡ್ ಟೈಮರ್. ಒಂದು ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಓರೆಯಾಗಿ ಇಡಿ. ಕ್ಯಾಮೆರಾದಿಂದ ದೂರ, ಲೆನ್ಸಿನ ಎಂಎಂ ಸಂಖ್ಯೆಯಾದ ಫೋಕಲ್ ಲೆಂತ್‌ನ 25ರಿಂದ 50 ಪಟ್ಟು, ಅಂದರೆ 300ಕ್ಕೆ ಏಳೂವರೆಯಿಂದ 15 ಮೀಟರ್. ಪುಸ್ತಕಕ್ಕೆ ಫೋಕಸ್ ಮಾಡಿ ಕಿಂಡಿಯಿಂದ ಹತ್ತು ಚಿತ್ರ, ಲೈವ್ ವ್ಯೂನಲ್ಲಿ ಹತ್ತು ಚಿತ್ರ. ಪ್ರತಿ ಸಲವೂ ಫೋಕಸ್ ರಿಂಗ್ ತಿರುಗಿಸಿ ಕೆಡಿಸಿ, ಆಮೇಲೆ ಹೊಸದಾಗಿ ಫೋಕಸ್ ಮಾಡಿಸಿ. ಹತ್ತೂ ಒಂದೇ ಅಳತೆಯಷ್ಟು ಹಿಂದೆ ಬಿದ್ದರೆ ಮೆನುವಿನಲ್ಲಿ ತಿದ್ದಬಹುದು. ಒಂದು ಹಿಂದೆ, ಒಂದು ಮುಂದೆ ಅಂತ ಚೆಲ್ಲಾಪಿಲ್ಲಿ ಆದರೆ ತಿದ್ದಿ ಪ್ರಯೋಜನ ಇಲ್ಲ.

ಇನ್ನು ಎಡಭಾಗ. ಮರಗಳ ಸಾಲು ನಂಬಬೇಡಿ. ಸಾಲು ಸ್ವಲ್ಪ ಓರೆಯಾಗಿದ್ದರೂ ಎಡದ ಮರ ದೂರ, ಬಲದ ಮರ ಹತ್ತಿರ ಆಗಿರುತ್ತದೆ. ಇಟ್ಟಿಗೆ ಗೋಡೆಯೂ ಬೇಡ, ಅದಕ್ಕೆ ಕ್ಯಾಮೆರಾವನ್ನು ಸರಿಯಾಗಿ ಸಮಾನಾಂತರ ಇಡುವುದೇ ಕಷ್ಟ. ದೂರದ ಒಂದೇ ವಸ್ತು ಆರಿಸಿಕೊಳ್ಳಿ. ನಿಮ್ಮ ಊರಿನ ಕಡೆ ಹೆಸರು ಬರೆದ ನೀರಿನ ಟ್ಯಾಂಕ್ ಇರುತ್ತವಲ್ಲ, ಅರ್ಧ ಕಿಲೋಮೀಟರಿಗೂ ಆಚೆ ಇರುವ ಅಂಥದ್ದೊಂದು ಸಾಕು. ಎಫ್ ಸಂಖ್ಯೆ ಅತಿ ಕಡಿಮೆ ಇಡಿ. ಲೈವ್ ವ್ಯೂನಲ್ಲಿ ಟ್ಯಾಂಕಿನ ಅಕ್ಷರವನ್ನು ನಡುವೆ ಇಟ್ಟು ಫೋಕಸ್ ಮಾಡಿ, ಎಎಫ್ ಆಫ್ ಮಾಡಿ. ಆಮೇಲೆ ಅದೇ ಅಕ್ಷರವನ್ನು ಎಡ ತುದಿಗೆ ತಂದು ಒಂದು, ಬಲ ತುದಿಗೆ ತಂದು ಒಂದು, ನಾಲ್ಕು ಮೂಲೆಗೂ ಒಂದೊಂದು. 70, 135, 300ರಲ್ಲಿ ಇಷ್ಟೂ ಮಾಡಿ. ಬೆಳಗ್ಗೆ ಬೇಗ ತೆಗೆಯಿರಿ, ಬಿಸಿಲೇರಿದ ಮೇಲೆ ಗಾಳಿ ಅಲೆಯಾಡಿ ದೂರದ್ದೆಲ್ಲ ಕಲಸಿಹೋಗುತ್ತದೆ.

ನಾಲ್ಕೂ ಮೂಲೆ ಒಂದೇ ಥರ ಸ್ವಲ್ಪ ಮಸುಕಾದರೆ ಅದು ಆ ಲೆನ್ಸಿನ ಗುಣ, ದೋಷ ಅಲ್ಲ. ಒಂದೇ ಕಡೆ ಮಸುಕಾದರೆ ಒಳಗಿನ ಯಾವುದೋ ಗಾಜು ನಡುವಿನಿಂದ ಸರಿದಿದೆ ಅಥವಾ ವಾಲಿದೆ. ಇದಕ್ಕೆ ಡಿಸೆಂಟರಿಂಗ್ ಅನ್ನುತ್ತಾರೆ. ಕೊನೆಗೆ ನಿಮ್ಮ ಇನ್ನೊಂದು ಲೆನ್ಸಿನಲ್ಲೂ ಇದೇ ಮಾಡಿ. ಅದರಲ್ಲೂ ಎಡವೇ ಮಸುಕಾದರೆ ತೊಂದರೆ ಬಾಡಿಯದು.

ಮಿಂಚುಳ್ಳಿ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಶನಿವಾರ ಬೆಳಗ್ಗೆ ಆರೂವರೆಗೆ ಎದ್ದು ಎಲ್ಲಾ ಮಾಡಿದೆ. ಫಿಲ್ಟರ್ ಇತ್ತು, ಬಿಚ್ಚಿದೆ. ಪುಸ್ತಕದ ಪರೀಕ್ಷೆಯಲ್ಲಿ ಲೈವ್ ವ್ಯೂನ ಹತ್ತೂ ಶಾರ್ಪ್. ಕಿಂಡಿಯಿಂದ ತೆಗೆದ ಹತ್ತರಲ್ಲಿ ಒಂಬತ್ತು ಹೆಚ್ಚುಕಡಿಮೆ ಒಂದೇ ಅಳತೆ ಹಿಂದೆ.

ನೀರಿನ ಟ್ಯಾಂಕ್: 70ರಲ್ಲಿ ಅಕ್ಷರ ಎಡ ತುದಿಗೆ ಬಂದಾಗ ಓದಲು ಆಗದಷ್ಟು ಕಲಸಿದೆ, ಬಲ ತುದಿಯಲ್ಲಿ ಸ್ಪಷ್ಟ. 135ರಲ್ಲಿ ಸ್ವಲ್ಪ ವ್ಯತ್ಯಾಸ. 300ರಲ್ಲಿ ಎರಡೂ ಕಡೆ ಒಂದೇ. ಹಳೆಯ 18-55ರಲ್ಲಿ ಎರಡೂ ಕಡೆ ಸಮ. ಹಕ್ಕಿ ತೆಗೆಯುವುದು 300ರಲ್ಲೇ ಅಲ್ಲವೇ, ಹಾಗಾದರೆ ಇಟ್ಟುಕೊಳ್ಳಬಹುದಾ?

ಲೆನ್ಸ್‌ಮೇಜು:
ಇಟ್ಟುಕೊಳ್ಳಬೇಡಿ. ಜೂಮ್ ಮಾಡುವಾಗ ಒಳಗಿನ ಗಾಜಿನ ಗುಂಪುಗಳು ಹಿಂದೆ ಮುಂದೆ ಸರಿಯುತ್ತವೆ, ಅದಕ್ಕೇ 70ರಲ್ಲಿ ಎದ್ದು ಕಾಣುವುದು 300ರಲ್ಲಿ ಅಡಗಿದೆ. ಗಾಜು ಸರಿದಿರುವುದಂತೂ ನಿಜ. ಅದು ಅಲ್ಲೇ ನಿಲ್ಲುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಬಿಚ್ಚುವ ಯೋಚನೆ ಖಂಡಿತ ಬೇಡ, ವಾರಂಟಿಯೂ ಹೋಗುತ್ತದೆ, ಜೋಡಿಸಿದ ಮೇಲೆ ಅಳೆಯುವ ಯಂತ್ರವೂ ನಮ್ಮ ಹತ್ತಿರ ಇರುವುದಿಲ್ಲ.

ವಾರಂಟಿಯಲ್ಲಿ ರಿಪೇರಿಗೆ ಕಳಿಸುವುದೂ ಈಗ ಬೇಡ. ವಾಪಸ್ ಕೊಡುವ ಅವಧಿ ಇರುವಾಗ ರಿಪೇರಿಗೆ ಕೊಟ್ಟರೆ, ಅದು ತಿರುಗಿ ಬರುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ಬದಲಿ ಲೆನ್ಸ್ ಕೇಳಿ. 70ರ ಎಡ, ಬಲ ಎರಡು ಚಿತ್ರ ಜೊತೆಗಿಟ್ಟು, ಯಾವ ಫೋಕಲ್ ಲೆಂತ್, ಯಾವ ಎಫ್ ಸಂಖ್ಯೆ ಅಂತ ನಾಲ್ಕು ಸಾಲು ಬರೆಯಿರಿ. "ಫೋಟೋ ಚೆನ್ನಾಗಿ ಬರುತ್ತಿಲ್ಲ" ಅಂತಷ್ಟೇ ಬರೆದರೆ ಪರೀಕ್ಷಿಸುವವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗುವುದಿಲ್ಲ.

ಫೋಕಸ್ ತಿದ್ದುವುದನ್ನು ಬದಲಿ ಲೆನ್ಸ್ ಬಂದ ಮೇಲೆ ಮಾಡಿ. ಕ್ಯಾನನ್‌ನಲ್ಲಿ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್, ನಿಕಾನ್‌ನಲ್ಲಿ ಎಎಫ್ ಫೈನ್ ಟ್ಯೂನ್ ಅಂತ ಇರುತ್ತದೆ, ಎರಡರಲ್ಲೂ ಮೈನಸ್ 20ರಿಂದ ಪ್ಲಸ್ 20. ಫೋಕಸ್ ಹಿಂದೆ ಬೀಳುತ್ತಿದ್ದರೆ ಮೈನಸ್ ಕಡೆಗೆ ಹೋಗಬೇಕು. ಆರಂಭಿಕ ದರ್ಜೆಯ ಬಹಳಷ್ಟು ಬಾಡಿಗಳಲ್ಲಿ ಈ ಸೌಲಭ್ಯ ಇಲ್ಲ, ನಿಮ್ಮ ಮೆನು ನೋಡಿ.

ಗೀಜಗ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನೂ ಡಲ್ಲಾಸ್‌ನಲ್ಲಿ ಒಂದು ಕೊಳ್ಳಬೇಕು ಅಂತಿದ್ದೇನೆ. ಬೇರೆ ಅಂಗಡಿಯವರೂ ರಿಫರ್ಬಿಶ್ಡ್ ಅಂತ ಮಾರುತ್ತಾರೆ, ಇನ್ನೂ ಕಡಿಮೆಗೆ. ವ್ಯತ್ಯಾಸ ಏನು?

ಲೆನ್ಸ್‌ಮೇಜು:
ಯಾರು ರಿಫರ್ಬಿಶ್ ಮಾಡಿದ್ದು, ವಾರಂಟಿ ಯಾರದು, ಈ ಎರಡನ್ನೇ ಕೇಳಿ. ಒರೆಸಿ ಪೆಟ್ಟಿಗೆಗೆ ಹಾಕಿದವರೂ ಅದೇ ಪದ ಬಳಸಬಹುದು. ಕಂಪನಿಯ ಹತ್ತಿರ ಮೂಲ ಬಿಡಿಭಾಗ, ಅಳೆಯುವ ಉಪಕರಣ ಎರಡೂ ಇರುತ್ತದೆ. ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡಿ, ಈ ಮೇಡಂ ಲೆನ್ಸೇ ಉದಾಹರಣೆ. ವಾರಂಟಿ ಅವಧಿ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಮೆರಿಕದಲ್ಲಿ ನಿಕಾನ್ ಹೊಸ ಲೆನ್ಸಿಗೆ 5 ವರ್ಷ ಕೊಡುತ್ತಿದ್ದ ಕಾಲದಲ್ಲಿ ರಿಫರ್ಬಿಶ್ಡ್‌ಗೆ ಕೊಡುತ್ತಿದ್ದುದು 90 ದಿನ. ಕೊಳ್ಳುವ ದಿನ ಹೊಸದರದು, ರಿಫರ್ಬಿಶ್ಡ್‌ನದು, ಎರಡೂ ವಾರಂಟಿ ಪುಟ ತೆರೆದು ಓದಿ. ಬೆಲೆಯ ಅಂತರ ಸಣ್ಣದಾದರೆ ನಾನು ಹೊಸದನ್ನೇ ಕೊಳ್ಳುತ್ತೇನೆ.

ಮಿಂಚುಳ್ಳಿ:
ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಚಿತ್ರ ಕಳಿಸಿದ ಮೇಲೆ ಹೆಚ್ಚು ಪ್ರಶ್ನೆ ಕೇಳದೆ ಬದಲಿ ಒಪ್ಪಿದರು. ಬಂದ ಮರುದಿನವೇ ಟ್ಯಾಂಕಿನ ಮುಂದೆ ನಿಂತೆ. 70ರಲ್ಲಿ ಎಡ, ಬಲ ಎರಡೂ ಸಮ. ಕಿಂಡಿಯಲ್ಲಿ ಫೋಕಸ್ ಇನ್ನೂ ಸ್ವಲ್ಪ ಹಿಂದೆ ಇತ್ತು, ಮೈನಸ್ 4 ಇಟ್ಟ ಮೇಲೆ ಕಾರ್ಡಿನಲ್ ಕಣ್ಣಿನ ಹೊಳಪು ಕಾಣುತ್ತಿದೆ. ಆ ಚಿತ್ರ ಅಪ್ಪನಿಗೆ ಕಳಿಸಿದೆ. ಹುಡ್ ಮಾತ್ರ ಇದರಲ್ಲೂ ಇಲ್ಲ. ಕೊಳ್ಳಲೇಬೇಕಾ?

ಕೆಂಬೂತ:
ಕೊಳ್ಳಮ್ಮ. ಬೆಳಗಿನ ದೋಣಿಯಲ್ಲಿ ಸೂರ್ಯ ಒಂದು ಕಡೆಯಿಂದ, ನೀರಿನ ಹೊಳಪು ಇನ್ನೊಂದು ಕಡೆಯಿಂದ ಗಾಜಿಗೆ ಹೊಡೆಯುತ್ತದೆ. ಹುಡ್ ಇಲ್ಲದಿದ್ದರೆ ಬಣ್ಣ ತೆಳುವಾಗುತ್ತದೆ. ದೋಣಿ ಹತ್ತುವಾಗ ಲೆನ್ಸ್ ಬ್ಯಾಗಿನಲ್ಲೇ ಇರಲಿ, ಎರಡೂ ಕೈ ಅಪ್ಪನಿಗೆ ಬೇಕಾಗುತ್ತದೆ.