6 ಕಿ.ಮೀ. ದೂರದ ಶಾಲೆ, ಇಬ್ಬರು ಮಕ್ಕಳು: ಹೇಗೆ ಕಳಿಸುತ್ತೀರಿ? ಅನುಭವ ಹೇಳಿ

ಕೇಳಿದವರು, ಹಾಸನದಿಂದ
ಜೂನ್‌ಗೆ ನಾವು ಮೈಸೂರಿಗೆ ಬರುತ್ತಿದ್ದೇವೆ. ಮನೆ ಬೋಗಾದಿ ಕಡೆ, ರಿಂಗ್ ರೋಡ್ ಆಚೆ. ಶಾಲೆ ಸರಸ್ವತಿಪುರಂ ಹತ್ತಿರ. ಸುಮಾರು 6 ಕಿ.ಮೀ. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಇಬ್ಬರೂ ಕೆಲಸಕ್ಕೆ ಹೋಗುವವರು ನಾವು. ಬೆಳಿಗ್ಗೆ ಹೇಗೋ ಬಿಡುತ್ತೇವೆ, ಸಂಜೆ ನಾಲ್ಕಕ್ಕೆ ಯಾರೂ ಇರಲ್ಲ. ಶಾಲೆ ಬಸ್ಸಿಗೆ ಇಬ್ಬರಿಗೂ ಸೇರಿಸಿ ಹೇಳಿದ ದುಡ್ಡು ಕೇಳಿ ತಲೆ ತಿರುಗಿತು. ವ್ಯಾನು, ಆಟೊ, ಸಿಟಿ ಬಸ್ಸು, ಸೈಕಲ್ಲು, ಯಾವುದು ಸರಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೈಸೂರು, ಕುವೆಂಪುನಗರ
ಶಾಲೆ ಬಸ್ಸಿಗೆ ದುಡ್ಡು ಕಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. ನಿಮ್ಮ ಸ್ಟಾಪು ಎಷ್ಟನೆಯದು? ನಾನು ಕೇಳಲಿಲ್ಲ. ನಮ್ಮದು ಬೆಳಿಗ್ಗೆ ಮೊದಲನೇ ಸ್ಟಾಪು, ಸಂಜೆ ಕೊನೆಯದು. ಶಾಲೆ ಇದ್ದದ್ದು 5 ಕಿ.ಮೀ. ದೂರದಲ್ಲಿ, ಮಗು ಬಸ್ಸಿನಲ್ಲಿ ಕೂತಿದ್ದು ಒಂದೂ ಕಾಲು ಗಂಟೆ. ಊರೆಲ್ಲ ಸುತ್ತಿ ಬರುವ ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದಳು. ಆಯಾ ಎತ್ತಿ ನನ್ನ ಕೈಗೆ ಕೊಡುತ್ತಿದ್ದರು, ಶೂ ಒಂದು ಕಡೆ, ಟಿಫನ್ ಬ್ಯಾಗು ಒಂದು ಕಡೆ.

ಎರಡನೆಯದು, ಮನೆ ಬಾಗಿಲಿಗೆ ಬರುತ್ತದೆ ಅಂದುಕೊಳ್ಳಬೇಡಿ. ಮೇನ್ ರೋಡಿಗೇ ನಿಲ್ಲಿಸುತ್ತಾರೆ. ನೀವು ರಿಂಗ್ ರೋಡ್ ಆಚೆ ಅಂದಿರಿ. ಬಸ್ಸು ಯಾವ ಬದಿಯಲ್ಲಿ ಇಳಿಸುತ್ತದೆ, ಮಕ್ಕಳೇ ದಾಟಬೇಕಾ, ಅದನ್ನು ಕೇಳಿ. ಅಲ್ಲಿ ಲಾರಿಗಳು ಬರುವ ವೇಗ ನೋಡಿದರೆ ದೊಡ್ಡವರಿಗೇ ದಾಟಲು ಭಯ.

ಇಷ್ಟಾದರೂ ಮೂರನೇ ಕ್ಲಾಸಿನ ಹುಡುಗನಿಗೆ ನಾನು ಶಾಲೆ ಬಸ್ಸೇ ಅನ್ನುತ್ತೇನೆ. ಬಸ್ ಕೆಟ್ಟರೆ, ತಡವಾದರೆ, ಫೋನ್ ಮಾಡಿ ಬೈಯುವುದಕ್ಕೆ ಒಬ್ಬರು ಇರುತ್ತಾರಲ್ಲ.

ತುಮಕೂರು
ವ್ಯಾನಿನ ಬಗ್ಗೆ ನಾನು ಹೇಳುತ್ತೇನೆ, ಎರಡು ವರ್ಷ ಕಳಿಸಿದವನು.

ಮೊದಲ ತಿಂಗಳು ಎಲ್ಲ ಚೆನ್ನಾಗಿತ್ತು. ಡ್ರೈವರ್ ಅಣ್ಣ ಒಳ್ಳೆಯವರು, ಮಕ್ಕಳಿಗೆ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಕೊಡುವವರು. ಒಂದು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಸುಮ್ನೆ ಸ್ಕೂಟರ್ ಹತ್ತಿ ವ್ಯಾನಿನ ಹಿಂದೆ ಹೋದೆ. ನಾಲ್ಕನೇ ಮನೆ, ಐದನೇ ಮನೆ, ಹತ್ತುತ್ತಲೇ ಇದ್ದಾರೆ. ಎಣಿಸಿದೆ: ಹದಿನಾಲ್ಕು. ಏಳು ಜನ ಕೂರುವ ಗಾಡಿ ಅದು. ಬ್ಯಾಗುಗಳು ಕಿಟಕಿ ಕಂಬಿಗೆ ಹೊರಗಡೆ ನೇತಾಡುತ್ತಿವೆ. ನನ್ನ ಮಗ ಡಿಕ್ಕಿಯಲ್ಲಿ ಹಲಗೆ ಮೇಲೆ, ಹಿಂದಕ್ಕೆ ಮುಖ ಮಾಡಿ ಕೂತಿದ್ದ. ನನ್ನನ್ನು ಕಂಡು ಖುಷಿಯಿಂದ ಕೈ ಬೀಸಿದ. ಆ ಹಲಗೆ ಕೆಳಗೆ ಗ್ಯಾಸ್ ಸಿಲಿಂಡರು.

ಡ್ರೈವರನ್ನು ಕೇಳಿದೆ. "ಸಾರ್, ನೀವು ಕೊಡೋ ದುಡ್ಡಿಗೆ ಏಳು ಮಕ್ಕಳನ್ನ ಹಾಕ್ಕೊಂಡು ಹೋದ್ರೆ ಡೀಸೆಲ್ಲಿಗೂ ಆಗಲ್ಲ" ಅಂದರು. ಗ್ಯಾಸಿನ ಗಾಡಿಗೆ ಡೀಸೆಲ್ ಎಲ್ಲಿಂದ ಬಂತು ಅಂತ ಕೇಳಲಿಲ್ಲ, ಆದರೆ ಲೆಕ್ಕ ತಪ್ಪಿರಲಿಲ್ಲ. ಅಗ್ಗ ಬೇಕು ಅಂತ ಹುಡುಕಿದವರು ನಾವೇ.

ಹಾಗಾಗಿ ವ್ಯಾನ್ ನೋಡುವವರು ನಂಬರ್ ಪ್ಲೇಟ್ ನೋಡಿ. ಹಳದಿ ಬೋರ್ಡ್ ಇರಬೇಕು. ವೈಟ್ ಬೋರ್ಡ್ ಅಂದರೆ ಸ್ವಂತದ ಗಾಡಿ, ಬಾಡಿಗೆಗೆ ಓಡಿಸುವ ಹಾಗಿಲ್ಲ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು), ಡ್ರೈವಿಂಗ್ ಲೈಸೆನ್ಸು ಕೇಳುವುದಕ್ಕೆ ಸಂಕೋಚ ಬೇಡ. ಸೇರಿಸುವ ದಿನ ಅಲ್ಲ, ಒಂದು ತಿಂಗಳು ಬಿಟ್ಟು ಹೋಗಿ ತಲೆ ಎಣಿಸಿ. ಈಗ ನಾವು ಆರು ಮನೆಯವರು ಸೇರಿ ಒಂದು ವ್ಯಾನು ಮಾತಾಡಿಕೊಂಡಿದ್ದೇವೆ. ಒಬ್ಬೊಬ್ಬರಿಗೆ ಜಾಸ್ತಿನೇ ಬೀಳುತ್ತದೆ. ಏಳನೆಯವರನ್ನು ಹತ್ತಿಸಿದರೆ ಗೊತ್ತಾಗುತ್ತದೆ ಅನ್ನುವುದು ಡ್ರೈವರಿಗೂ ಗೊತ್ತು.

ಧಾರವಾಡ
ಎಂಟನೇ ಕ್ಲಾಸಿನ ಹುಡುಗಿಗೆ ಸಿಟಿ ಬಸ್ಸು ಯಾಕಾಗಬಾರದು ರೀ? ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಪಾಸು ಮಾಡಿಸುವ ತಲೆಬಿಸಿಯೂ ಇಲ್ಲ. ಆಧಾರ್ ಕಾರ್ಡು ಬ್ಯಾಗಿನಲ್ಲೇ ಇಟ್ಟುಬಿಡಿ, ಶೂನ್ಯ ಟಿಕೆಟ್ ಇಸಿದುಕೊಳ್ಳಲು ಹೇಳಿ. ಎಸಿ ಬಸ್ಸಿಗೆ ನಡೆಯುವುದಿಲ್ಲ, ಅಷ್ಟು ಗೊತ್ತಿರಲಿ.

ಗಂಡುಹುಡುಗರಿಗೆ ಪಾಸು ಬೇಕು. ಸರಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ. ನನ್ನ ಮಗನಿಗೆ ಹೈಸ್ಕೂಲಿನಲ್ಲಿ 10 ತಿಂಗಳಿಗೆ 750 ರೂಪಾಯಿ ಕಟ್ಟಿದ್ದೆವು. ಪ್ರೈಮರಿಯಲ್ಲಿದ್ದಾಗ 150 ಅಷ್ಟೇ. ಶಾಲೆಯಲ್ಲಿ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮದು ಒಂದು ಅಕ್ಷರ ಹೆಚ್ಚುಕಡಿಮೆ ಆಗಿ ಎರಡು ವಾರ ಓಡಾಡಿದೆವು. ಅಷ್ಟೂ ದಿನ ಟಿಕೆಟ್ ತೆಗೆಸಿಯೇ ಕಳಿಸಿದ್ದು.

ಗದ್ದಲ ಇರುತ್ತದೆ, ಸುಳ್ಳು ಹೇಳುವುದಿಲ್ಲ. ನಮ್ಮ ತವರಿನ ಕಡೆ ಬೆಳಿಗ್ಗೆ ಒಂದೇ ಬಸ್ಸು. ಅದು ತುಂಬಿ ಬಂದರೆ ನಿಲ್ಲಿಸುವುದೇ ಇಲ್ಲ, ಹುಡುಗರು ಟಂಟಂ ಆಟೊ ಹಿಡಿದು ಹೋಗುತ್ತಾರೆ. ಮೈಸೂರಿನಲ್ಲಿ ಒಂದು ಹೋದರೆ ಇನ್ನೊಂದು ಬರುತ್ತದಲ್ಲ.

ಉಡುಪಿ
ನಮ್ಮಲ್ಲಿ ಪ್ರೈವೇಟ್ ಬಸ್ಸಿನ ಕಾರುಬಾರು. ನಾಲ್ಕೂವರೆಗೆ ಶಾಲೆ ಮಕ್ಕಳ ಗುಂಪು ಕಂಡರೆ ಸ್ಟಾಪಿನಿಂದ ಐವತ್ತು ಅಡಿ ಮುಂದೆ ಹೋಗಿ ನಿಲ್ಲಿಸುವವರೂ ಇದ್ದಾರೆ. ಓಡಿ ಹತ್ತಿದವರಿಗೆ ಉಂಟು, ಇಲ್ಲದವರಿಗೆ ಇಲ್ಲ. ಹತ್ತಿದ ಮೇಲೆ "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ, ಮುಂದೆ ಹೋಗಿ) ಅಂತ ಒಳಗೆ ತಳ್ಳುವುದು. ಆದರೂ ನನ್ನ ಮಗಳು ಆರನೆಯಿಂದ ಬಸ್ಸಿನಲ್ಲೇ ಹೋದದ್ದು. ಒಂದೇ ಮಾತು ಹೇಳಿಕೊಟ್ಟಿದ್ದೆ: ಫುಟ್‌ಬೋರ್ಡ್ ಮಾತ್ರ ಬೇಡ, ಬಸ್ಸು ತಪ್ಪಿದರೆ ತಪ್ಪಲಿ, ಶಾಲೆಗೆ ವಾಪಸ್ ಹೋಗಿ ಆಫೀಸಿನಿಂದ ಫೋನ್ ಮಾಡು. ಎರಡು ಸಲ ಮಾಡಿದಳು, ಎರಡು ಸಲವೂ ನಾನು ಬೈಯಲಿಲ್ಲ. ಬೈದಿದ್ದರೆ ಮೂರನೇ ಸಲ ನೇತಾಡಿಕೊಂಡು ಬರುತ್ತಿದ್ದಳು.

ತೀರ್ಥಹಳ್ಳಿ ಕಡೆಯವನು
ಸೈಕಲ್ ಬಗ್ಗೆ ಯಾರೂ ಹೇಳಲಿಲ್ಲ. ನಾನು 2006-07ರ ಎಂಟನೇ ಕ್ಲಾಸು, ಸರಕಾರ ಸೈಕಲ್ ಕೊಡಲು ಶುರು ಮಾಡಿದ ಮೊದಲ ವರ್ಷದ ಗಿರಾಕಿ. ಅದಕ್ಕೂ ಮೊದಲು ನಾಲ್ಕು ಕಿ.ಮೀ. ನಡಿಗೆ. ಮಳೆಗಾಲದಲ್ಲಿ ಹಳ್ಳದ ಕಾಲುಸಂಕ ದಾಟಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಂಡು, ಅರ್ಧ ಒದ್ದೆ ಚಡ್ಡಿಯಲ್ಲಿ ಪ್ರಾರ್ಥನೆಗೆ ನಿಲ್ಲುವುದು. ಸೈಕಲ್ ಬಂದ ಮೇಲೆ ರಾಜ ನಾನು. ಬರುವಾಗ ಏರು ಮಾತ್ರ ತಳ್ಳಿಕೊಂಡೇ.

ಆದರೆ ನಿಮ್ಮ ಮಗಳಿಗೆ ಈಗಲೇ ಬೇಡ. ಊರಿನ ರಸ್ತೆಯಲ್ಲಿ ಗಂಟೆಗೆ ಒಂದು ಲಾರಿ. ನಿಮಗೆ ರಿಂಗ್ ರೋಡ್ ಜಂಕ್ಷನ್ ಇದೆ. ಆರು ತಿಂಗಳು ಭಾನುವಾರ ಬೆಳಿಗ್ಗೆ ನೀವೂ ಜೊತೆಗೆ ತುಳಿದು ನೋಡಿ, ಆಮೇಲೆ ಯೋಚಿಸಿ.

ಚನ್ನರಾಯಪಟ್ಟಣ
ಒಂದು ಎಚ್ಚರಿಕೆ. ಒಂಬತ್ತನೇ ಕ್ಲಾಸಿಗೆ ಬಂದರೆ "ಎಲ್ಲರ ಹತ್ತಿರ ಸ್ಕೂಟರ್ ಇದೆ" ಅಂತ ಶುರುವಾಗುತ್ತದೆ. ಕೊಡಬೇಡಿ. ಲೈಸೆನ್ಸಿಗೆ 18 ಆಗಬೇಕು. 16ಕ್ಕೆ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ, ಮನೆಯಲ್ಲಿ ನಿಲ್ಲಿಸಿರುವ ಸ್ಕೂಟರ್ 110 ಸಿಸಿ. ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಕೇಸು ಅಪ್ಪ-ಅಮ್ಮನ ಮೇಲೆ, ಜೈಲಿಗೂ ಅವಕಾಶ ಇದೆ. ನಮ್ಮ ಬೀದಿಯ ಒಬ್ಬರು ಕೋರ್ಟಿಗೆ ಹೋಗಿ ಕಟ್ಟಿ ಬಂದರು. ನೀವೇ ಬಿಡುವಾಗಲೂ ಹಿಂದೆ ಕೂತ ಮಗನಿಗೆ ಹೆಲ್ಮೆಟ್ ಹಾಕಿಸಿ, ನಾಲ್ಕು ವರ್ಷ ದಾಟಿದ ಎಲ್ಲರಿಗೂ ಅದು ಕಡ್ಡಾಯ.

ಬೆಂಗಳೂರು, ವಿಜಯನಗರ
ನಿಮ್ಮ ತೊಂದರೆ ಗಾಡಿಯದ್ದಲ್ಲ ಅನಿಸುತ್ತದೆ. ಸಂಜೆ ನಾಲ್ಕರಿಂದ ಆರರವರೆಗೆ ಮನೆಯಲ್ಲಿ ಯಾರೂ ಇಲ್ಲ, ಅದು. ಯಾವ ಬಸ್ಸು ತಂದು ಬಿಟ್ಟರೂ ಬೀಗ ಹಾಕಿದ ಬಾಗಿಲಿಗೇ ಬಿಡುವುದಲ್ವಾ?

ನಮಗೂ ಹೀಗೇ ಇತ್ತು. ಮೂರನೇ ಮನೆಯ ಅಜ್ಜಿಯೊಬ್ಬರು ಸಂಜೆ ಮೊಮ್ಮಗನಿಗಾಗಿ ಗೇಟಿನ ಹತ್ತಿರ ಕೂರುತ್ತಿದ್ದರು. ನಮ್ಮವನನ್ನೂ ನೋಡಿಕೊಳ್ಳುತ್ತೀರಾ ಅಂತ ಕೇಳಿದೆ. ದುಡ್ಡು ಬೇಡ ಅಂದರು. ಆಮೇಲೆ ಅವರ ಮಾತ್ರೆ, ಕರೆಂಟ್ ಬಿಲ್ಲು, ಬ್ಯಾಂಕಿನ ಕೆಲಸ ಎಲ್ಲ ನಾವು ನೋಡಿಕೊಂಡೆವು. ಮೊದಲು ಆ ಮನೆ ಹುಡುಕಿ, ಆಮೇಲೆ ಗಾಡಿ.

ಇನ್ನೊಂದು, ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಸ್ಪೆಷಲ್ ಕ್ಲಾಸು ಆರರವರೆಗೂ ಇರುತ್ತದೆ, ಶಾಲೆ ಬಸ್ಸು ಕಾಯುವುದಿಲ್ಲ. ಅಷ್ಟರೊಳಗೆ ಸಿಟಿ ಬಸ್ಸು ಅಭ್ಯಾಸ ಆಗಿದ್ದರೆ ಒಳ್ಳೆಯದು.

ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯ ಓನರ್ ಆಂಟಿಯನ್ನು ಕೇಳಿದೆ, ಸಂಜೆ ಮನೆಯಲ್ಲೇ ಇರುತ್ತಾರಂತೆ, "ಕಳಿಸಿ, ಕಾಫಿ ಕುಡಿಯೋ ಹೊತ್ತಿಗೆ ಜೊತೆಯಾಗುತ್ತೆ" ಅಂದರು. ಮಗನಿಗೆ ಶಾಲೆ ಬಸ್ಸು. ಸ್ಟಾಪು ಎಷ್ಟನೆಯದು ಅಂತ ಕೇಳಿದ್ದಕ್ಕೆ ಆಫೀಸಿನಲ್ಲಿ ಒಂದು ಕ್ಷಣ ನನ್ನ ಮುಖ ನೋಡಿದರು. ಹನ್ನೊಂದರಲ್ಲಿ ಎಂಟನೆಯದಂತೆ. ಮಗಳಿಗೆ ಸಿಟಿ ಬಸ್ಸು. ಮೊನ್ನೆ ಭಾನುವಾರ ಇಬ್ಬರೂ ಹೋಗಿ ಬಂದೆವು. ಕೂರಲು ಸೀಟು ಸಿಕ್ಕಿತು, ಇಪ್ಪತ್ತು ನಿಮಿಷ, ಅವಳಿಗೆ ಭಾರಿ ಖುಷಿ.

ಧಾರವಾಡ
ಭಾನುವಾರದ ಬಸ್ಸು ಬಸ್ಸಲ್ಲ ರೀ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬ್ಯಾಗು ಹಾಕಿಸಿಕೊಂಡು ಇನ್ನೊಂದು ಸಲ ಹೋಗಿ ಬನ್ನಿ, ಆಮೇಲೆ ಬರೆಯಿರಿ.